ಚರಿತ್ರೆಯ ಮುಖಕ್ಕೆ ಸುಣ್ಣ ಬಳಿಯದೆ ಪಾತ್ರ ಕಟ್ಟುವುದು ಹೇಗೆ

ಹುಬ್ಬಳ್ಳಿ-ಧಾರವಾಡದ ಶಾಲೆ ಕಾಲೇಜುಗಳಲ್ಲಿ ಅಕ್ಟೋಬರ್ ತಿಂಗಳ ಕಿತ್ತೂರು ಉತ್ಸವದ ಹೊತ್ತಿಗೆ ಚೆನ್ನಮ್ಮನ ಪಾತ್ರಕ್ಕೆ ಹುಡುಗಿಯನ್ನೂ, ಜನವರಿ 26 ಹತ್ತಿರವಾದಾಗ ಸಂಗೊಳ್ಳಿ ರಾಯಣ್ಣನ ಪಾತ್ರಕ್ಕೆ ಹುಡುಗನನ್ನೂ ಹುಡುಕುವುದು ವರ್ಷವರ್ಷದ ಪದ್ಧತಿ. ಮೊದಲು ಈ ಹುಡುಕಾಟ ನಾಟಕಕ್ಕೂ ಸ್ತಬ್ಧಚಿತ್ರಕ್ಕೂ ಸೀಮಿತವಾಗಿತ್ತು. ಈಗ ಕೈಯಲ್ಲಿರುವ ಮೊಬೈಲಿನಲ್ಲೇ ಅರ್ಧ ತಾಸಿನ ಚಿತ್ರ ತೆಗೆದು ಊರಿಗೆಲ್ಲ ಹಂಚುವ ಕಾಲ ಬಂದಿರುವುದರಿಂದ, ಆರಿಸಿದ ಮುಖ ಒಂದು ಸಂಜೆಗೆ ಮುಗಿಯದೆ ಬಹಳ ಕಾಲ ಕಣ್ಣ ಮುಂದೆ ಉಳಿಯುತ್ತದೆ. ಹುಡುಕಾಟ ಮಾತ್ರ ಹೆಚ್ಚಾಗಿ ಅದೇ ಹಳೆಯ ಮಾತಿನಿಂದ ಶುರುವಾಗುತ್ತದೆ: “ಸ್ವಲ್ಪ ಕೆಂಪಗ ಇರೋ ಹುಡುಗೀನ್ನ ನೋಡ್ರಿ.” ನಮ್ಮ ಕಡೆ ಮೈಬಣ್ಣದ ಮಾತಿನಲ್ಲಿ ಕೆಂಪು ಎಂದರೆ ಬಿಳುಪು ಎಂದೇ ಅರ್ಥ. ಪುಸ್ತಕ ತೆರೆಯುವ ಮೊದಲೇ, ದಾಖಲೆ ನೋಡುವ ಮೊದಲೇ, ಚರಿತ್ರೆಯ ವ್ಯಕ್ತಿ ಹೇಗೆ ಕಾಣಬೇಕೆಂಬ ತೀರ್ಮಾನ ಆ ಒಂದು ಮಾತಿನಲ್ಲಿ ಆಗಿಬಿಟ್ಟಿರುತ್ತದೆ.

ನಾನು ಹಲವು ವರ್ಷಗಳಿಂದ ಧಾರವಾಡದಲ್ಲಿ ವಿದ್ಯಾರ್ಥಿಗಳ ನಾಟಕ ಮತ್ತು ಕಿರುಚಿತ್ರಗಳ ಕೆಲಸದಲ್ಲಿದ್ದೇನೆ. ಈ ಅವಧಿಯಲ್ಲಿ ನಾನು ಕಲಿತದ್ದು ಇಷ್ಟು: ಚಾರಿತ್ರಿಕ ವ್ಯಕ್ತಿಯ ಮೈಬಣ್ಣವನ್ನು ಯಾರೋ ಒಬ್ಬರು ಕುಳಿತು ಬದಲಿಸುವುದಿಲ್ಲ. ಬರೆಯುವವರು, ಆರಿಸುವವರು, ಬಣ್ಣ ಹಚ್ಚುವವರು, ಬೆಳಕು ಹಾಕುವವರು, ಸಂಕಲನ ಮಾಡುವವರು, ಪೋಸ್ಟರ್ ಮಾಡುವವರು, ಹೀಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪದರ ಸುಣ್ಣ ಏರುತ್ತದೆ. ಆದ್ದರಿಂದ ಅದನ್ನು ಒಂದೇ ಕಡೆ ತಡೆದರೆ ಸಾಲದು, ಏರುವ ಪ್ರತಿಯೊಂದು ಕಡೆಯಲ್ಲೂ ತಡೆಯಬೇಕು. ಅದನ್ನು ಹೇಗೆ ಮಾಡಬಹುದೆಂದು ಇಲ್ಲಿ ಹೇಳುತ್ತೇನೆ.

ಬಿಳಿಯರಲ್ಲದವರ ಪಾತ್ರವನ್ನು ಬಿಳಿಯ ನಟರಿಗೆ ಕೊಡುವುದನ್ನು ಇಂಗ್ಲಿಷ್ ಚಿತ್ರರಂಗದಲ್ಲಿ ವೈಟ್‌ವಾಷಿಂಗ್, ಅಂದರೆ ಸುಣ್ಣ ಬಳಿಯುವುದು, ಎಂದು ಕರೆಯುತ್ತಾರೆ. 1956ರ ‘ದಿ ಕಾಂಕರರ್’ ಚಿತ್ರದಲ್ಲಿ ಮಂಗೋಲರ ಚೆಂಗೀಸ್ ಖಾನನಾಗಿ ನಟಿಸಿದವರು ಕೌಬಾಯ್ ಪಾತ್ರಗಳಿಗೆ ಹೆಸರಾಗಿದ್ದ ಅಮೆರಿಕದ ಜಾನ್ ವೇಯ್ನ್. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಅರಬ್ ರಾಜಕುಮಾರ ಫೈಸಲನ ಪಾತ್ರ ಆಂಗ್ಲ ನಟ ಅಲೆಕ್ ಗಿನ್ನೆಸ್ ಅವರ ಪಾಲಾಯಿತು. 1966ರ ‘ಖಾರ್ಟೂಮ್’ ಚಿತ್ರದಲ್ಲಿ ಸುಡಾನಿನ ಧಾರ್ಮಿಕ ನಾಯಕ ಮಹ್ದಿಯಾಗಲು ಲಾರೆನ್ಸ್ ಒಲಿವಿಯರ್ ಮುಖಕ್ಕೆಲ್ಲ ಕಪ್ಪು ಬಣ್ಣ ಹಚ್ಚಿಕೊಂಡರು. ಇದೆಲ್ಲ ಹಳೆಯ ಕಾಲದ ಮಾತು ಎಂದುಕೊಳ್ಳುವಂತಿಲ್ಲ. 2014ರಲ್ಲಿ ಬಂದ ‘ಎಕ್ಸೋಡಸ್: ಗಾಡ್ಸ್ ಅಂಡ್ ಕಿಂಗ್ಸ್’ ಚಿತ್ರದಲ್ಲಿ ಈಜಿಪ್ಟಿನ ದೊರೆ ರಾಮ್ಸೆಸ್ ಆಗಿ ಕಾಣಿಸಿಕೊಂಡವರು ಆಸ್ಟ್ರೇಲಿಯಾದ ಜೋಯಲ್ ಎಡ್ಜರ್ಟನ್. ಟೀಕೆ ಬಂದಾಗ ನಿರ್ದೇಶಕ ರಿಡ್ಲಿ ಸ್ಕಾಟ್ ಕೊಟ್ಟ ಸಮಜಾಯಿಷಿಯ ಸಾರಾಂಶವೆಂದರೆ, ಹೆಸರಿಲ್ಲದ ನಟನನ್ನು ಹಾಕಿಕೊಂಡರೆ ಅಷ್ಟು ದೊಡ್ಡ ಚಿತ್ರಕ್ಕೆ ಹಣ ಹುಟ್ಟುವುದಿಲ್ಲ ಎಂಬುದು. ಅದೇ ವರ್ಷ ನಮ್ಮ ದೇಶದಲ್ಲಿ ‘ಮೇರಿ ಕೋಮ್’ ತೆರೆಕಂಡಿತು. ಮಣಿಪುರದ ಕೋಮ್ ಸಮುದಾಯದಲ್ಲಿ ಹುಟ್ಟಿದ, ಇನ್ನೂ ನಮ್ಮ ನಡುವೆಯೇ ಇರುವ ಆಟಗಾರ್ತಿಯ ಪಾತ್ರವನ್ನು ಪ್ರಿಯಾಂಕಾ ಚೋಪ್ರಾ ಮಾಡಿದರು. ಆ ಪಾತ್ರ ಈಶಾನ್ಯ ಭಾರತದ ಒಬ್ಬ ನಟಿಗೆ ಸಲ್ಲಬೇಕಾಗಿತ್ತು ಎಂದು ಕೆಲವು ವರ್ಷಗಳ ನಂತರ ಅವರೇ ಹೇಳಿದರು.

ಹಣದ ಮಾತನ್ನು ಗಮನಿಸಬೇಕು. ಕೋಟಿಗಟ್ಟಲೆ ಹಾಕುವವರಿಗೆ ಅದು ಕಾರಣವೋ ನೆಪವೋ, ಅದರ ಚರ್ಚೆ ಬೇರೆ. ಕಾಲೇಜಿನ ಸಭಾಂಗಣದಲ್ಲಿ ಪುಕ್ಕಟೆಯಾಗಿ ತೋರಿಸುವ ನಮ್ಮ ಚಿತ್ರಕ್ಕೆ ಆ ನೆಪವೂ ಇಲ್ಲ. ನಮ್ಮಲ್ಲಿ ಕೆಲಸ ಮಾಡುವುದು ರೂಢಿ ಮಾತ್ರ, ಮನಸ್ಸು ಮಾಡಿದರೆ ರೂಢಿಯನ್ನು ಬದಲಿಸಬಹುದು.

ಮೊದಲು ಚಹರೆಪಟ್ಟಿ, ಆಮೇಲೆ ಮುಖ

ಸಂಭಾಷಣೆ ಬರೆಯುವುದಕ್ಕೂ ಮೊದಲು ಪಾತ್ರದ ಚಹರೆಪಟ್ಟಿಯನ್ನು ಒಂದು ಹಾಳೆಯಲ್ಲಿ ಸಿದ್ಧಪಡಿಸಿರಿ. ಹಾಳೆಯನ್ನು ಮೂರು ಭಾಗ ಮಾಡಿ, ಮೊದಲ ಭಾಗದಲ್ಲಿ ಆಧಾರಸಹಿತವಾಗಿ ಗೊತ್ತಿರುವುದನ್ನು, ಎರಡನೆಯದರಲ್ಲಿ ನೀವು ಊಹಿಸುತ್ತಿರುವುದನ್ನು, ಮೂರನೆಯದರಲ್ಲಿ ಗೊತ್ತೇ ಇಲ್ಲದ್ದನ್ನು ಬರೆಯಿರಿ. ವಯಸ್ಸು, ಮೈಕಟ್ಟು, ಹುಟ್ಟಿದ ಸೀಮೆ, ಜನಾಂಗ, ಮನೆಮಾತು, ಮೈಬಣ್ಣ ಎಲ್ಲವೂ ಅದರಲ್ಲಿ ಬರಲಿ. ಮೂರನೆಯ ಭಾಗವೇ ಎಲ್ಲಕ್ಕಿಂತ ಉದ್ದವಾದರೆ ಗಾಬರಿಯಾಗಬೇಕಾಗಿಲ್ಲ. ಹೆಚ್ಚಾಗಿ ಹಾಗೆಯೇ ಆಗುತ್ತದೆ, ಮತ್ತು ಸುಣ್ಣ ಏರುವುದು ಆ ಖಾಲಿ ಜಾಗದಲ್ಲಿಯೇ.

ಯಾವ ಆಧಾರ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ತಿಳಿಯದೆ ಪಟ್ಟಿ ತುಂಬಬಾರದು. ನಾಣ್ಯದ ಮೇಲಿನ ಮುಖ ಮೂಗು ಗದ್ದಗಳ ಆಕಾರವನ್ನು ತೋರಿಸುತ್ತದೆ, ಬಣ್ಣವನ್ನು ತೋರಿಸುವುದಿಲ್ಲ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳ ಮೈಬಣ್ಣದ ವಿಷಯದಲ್ಲಿ ಆಗಾಗ ಏಳುವ ಜಗಳಕ್ಕೆ ಇದೂ ಒಂದು ಕಾರಣ. ಅವಳ ವಂಶ ಮ್ಯಾಸಿಡೋನಿಯಾದಿಂದ ಬಂದ ಗ್ರೀಕರದು ಎಂಬುದು ಖಚಿತ, ತಾಯಿ ಯಾರೆಂಬುದು ಖಚಿತವಿಲ್ಲ. 1963ರಲ್ಲಿ ಎಲಿಜಬೆತ್ ಟೇಲರ್ ಆ ಪಾತ್ರ ಮಾಡಿದ್ದರ ಬಗ್ಗೆ ಇಂದಿಗೂ ವಾದವಿದೆ. 2023ರಲ್ಲಿ ಒಂದು ಸಾಕ್ಷ್ಯಕಥನ ಸರಣಿಯಲ್ಲಿ ಕಪ್ಪು ವರ್ಣದ ನಟಿ ಅದೇ ಪಾತ್ರ ಮಾಡಿದಾಗ ಈಜಿಪ್ಟಿನ ಪ್ರಾಚ್ಯವಸ್ತು ಇಲಾಖೆಯೇ ಆಕ್ಷೇಪ ಎತ್ತಿತು. ಹೀಗಿರುವಾಗ ಒಂದು ಗುಂಪಿನ ಸಿಟ್ಟನ್ನು ಆಧಾರವೆಂದು ತಿಳಿಯುವುದೂ ತಪ್ಪು, ಇನ್ನೊಂದು ಗುಂಪಿನ ಅಭಿಮಾನವನ್ನು ಹಾಗೆ ತಿಳಿಯುವುದೂ ತಪ್ಪು.

ಹಳೆಯ ಕಪ್ಪು-ಬಿಳುಪು ಫೋಟೋವನ್ನು ಪೂರ್ತಿ ನಂಬುವವರಿದ್ದಾರೆ. 19ನೇ ಶತಮಾನದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಗುತ್ತಿತ್ತು, ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹೀಗಾಗಿ ಕೆಂಪು ಹಳದಿ ಛಾಯೆಯ ಮೈಬಣ್ಣ ಇದ್ದದ್ದಕ್ಕಿಂತ ಗಾಢವಾಗಿ ಮೂಡುತ್ತಿತ್ತು. ಇನ್ನೊಂದು ಕಡೆ, ಸ್ಟುಡಿಯೋದವರು ಕೈಯಿಂದ ತಿದ್ದಿ ಮುಖವನ್ನು ತಿಳಿಯಾಗಿಸುವುದೂ ಇತ್ತು. ಆದ್ದರಿಂದ ಒಬ್ಬರದೇ ಎರಡು ಮೂರು ಫೋಟೋಗಳು ಸಿಕ್ಕರೆ ಜೊತೆಗಿಟ್ಟು, ಅದೇ ಚಿತ್ರದಲ್ಲಿರುವ ಬೇರೆ ಜನರ ಮೈಬಣ್ಣದೊಂದಿಗೆ ಹೋಲಿಸಿ ನೋಡಬೇಕು. ನಮ್ಮ ಭಾಗದ ಜನಜೀವನದ ಹಳೆಯ ಫೋಟೋಗಳಿಗೆ ಬಾಸೆಲ್ ಮಿಷನ್ ಒಳ್ಳೆಯ ಆಕರ. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಆ ಕ್ರೈಸ್ತ ಮಿಷನ್ನಿನ ಫೋಟೋ ಸಂಗ್ರಹವನ್ನು ಅಂತರ್ಜಾಲದಲ್ಲಿ ಎಲ್ಲರೂ ನೋಡಬಹುದು. ಪುಸ್ತಕ, ಶಾಸನ, ವಸ್ತುಗಳಿಗೆ 1939ರಲ್ಲಿ ಆರಂಭವಾದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಇದೆ. ಅದು ಈಗ ಕರ್ನಾಟಕ ವಿಶ್ವವಿದ್ಯಾಲಯದ ಭಾಗವಾಗಿದ್ದು, ಅಲ್ಲಿ ವಸ್ತುಸಂಗ್ರಹಾಲಯವೂ ಇದೆ.

ಚಹರೆಪಟ್ಟಿ ಚೆನ್ನಾಗಿ ತುಂಬುವ ವ್ಯಕ್ತಿಗೆ ಉದಾಹರಣೆ ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನಿಗೆ ಬಂದು ಅಹ್ಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡ ಈತ ತೀರಿಕೊಂಡದ್ದು 1626ರಲ್ಲಿ. ಆತನನ್ನು ಕಣ್ಣಾರೆ ಕಂಡ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರುಕ್, ಎತ್ತರದ ಗಟ್ಟಿಮುಟ್ಟಾದ ಕಪ್ಪು ಮನುಷ್ಯನೆಂದು ಬರೆದಿಟ್ಟಿದ್ದಾನೆ. ಆ ಕಾಲದ ಚಿತ್ರಕಾರರು ಬರೆದ ಆತನ ಭಾವಚಿತ್ರಗಳೂ ಉಳಿದಿವೆ. ಮೊಘಲ್ ಬಾದಶಹ ಜಹಾಂಗೀರನಿಗೆ ಜೀವನದುದ್ದಕ್ಕೂ ಅಂಬರನನ್ನು ಹಿಡಿಯಲಾಗಲಿಲ್ಲ. ಆ ಸಿಟ್ಟಿಗೆ ತನ್ನ ಆತ್ಮಕಥೆಯಲ್ಲಿ ಅವನನ್ನು ಕರಿಮುಖದವನೆಂದು ಬೈದು, ಅವನ ಕಡಿದ ತಲೆಗೆ ತಾನು ಬಾಣ ಹೊಡೆಯುತ್ತಿರುವಂತೆ ಅಬುಲ್ ಹಸನ್‌ನಿಂದ ಚಿತ್ರ ಬರೆಸಿಕೊಂಡ. ಬೈಗುಳವೂ ಒಂದು ದಾಖಲೆಯೇ, ಆದರೆ ಅದು ಬೈದವನ ಮನಸ್ಸಿನ ದಾಖಲೆಯೂ ಹೌದು ಎಂಬುದನ್ನು ಪಟ್ಟಿಯ ಬದಿಯಲ್ಲಿ ಬರೆದುಕೊಳ್ಳಬೇಕು. ಇಷ್ಟು ಸಾಕ್ಷಿ ಇರುವಾಗ ಅಂಬರನ ಪಾತ್ರಕ್ಕೆ ಬೇರೆಯವರನ್ನು ಹಾಕಿ ಬಣ್ಣ ಹಚ್ಚಿದರೆ, ಗೊತ್ತಿದ್ದ ಚರಿತ್ರೆಯನ್ನು ಅಳಿಸಿದಂತಾಗುತ್ತದೆ.

ಈ ಉದಾಹರಣೆ ನಮ್ಮಿಂದ ದೂರದ್ದಲ್ಲ. ಧಾರವಾಡ, ಬಂಕಾಪುರಗಳು ಆದಿಲ್‌ಶಾಹಿ ಆಳ್ವಿಕೆಯಲ್ಲಿದ್ದ ಕಾಲಕ್ಕೆ ವಿಜಯಪುರದ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಹಬ್ಶಿ ಸರದಾರರು ದೊಡ್ಡ ಅಧಿಕಾರದಲ್ಲಿದ್ದರು. ಸುಲ್ತಾನ ಮುಹಮ್ಮದ್ ಆದಿಲ್ ಶಾಹನೊಂದಿಗೆ ಒಂದೇ ಆನೆಯ ಮೇಲೆ ಮಂತ್ರಿ ಇಖ್ಲಾಸ್ ಖಾನ್ ಕುಳಿತಿರುವ 17ನೇ ಶತಮಾನದ ವರ್ಣಚಿತ್ರ ಈಗಲೂ ಇದೆ. ಬಂಕಾಪುರದ ಕೋಟೆಯ ಮೇಲೋ ಧಾರವಾಡದ ಕೋಟೆಯ ಮೇಲೋ ಚಿತ್ರ ಮಾಡುವವರು ಆ ಮುಖಗಳನ್ನು ಬಿಟ್ಟು ದರ್ಬಾರಿನ ದೃಶ್ಯ ಬರೆದರೆ ಅಲ್ಲಿಯೇ ಮೊದಲ ಪದರ ಸುಣ್ಣ ಬಿದ್ದಂತೆ. ಬರೆಯುವಾಗಲೇ ಆ ಸರದಾರರಿಗೆ ಹೆಸರು, ಮಾತು, ತೀರ್ಮಾನ ಕೈಗೊಳ್ಳುವ ಸ್ಥಾನ ಕೊಡಬೇಕು. ಬೀಸಣಿಗೆ ಹಿಡಿದು ಹಿಂದೆ ನಿಲ್ಲುವ ಆಳುಗಳನ್ನಾಗಿ ಮಾಡಬಾರದು.

ಪಟ್ಟಿ ಖಾಲಿ ಇದ್ದಾಗ

ಕಿತ್ತೂರು ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಫೋಟೋಗ್ರಫಿ ಜಗತ್ತಿಗೆ ಪ್ರಕಟವಾದದ್ದೇ 1839ರಲ್ಲಿ. ಅಂದರೆ ಇವರಿಬ್ಬರ ಫೋಟೋ ಇರುವ ಸಾಧ್ಯತೆಯೇ ಇಲ್ಲ. ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವ ಚೆನ್ನಮ್ಮ ಕ್ಯಾಲೆಂಡರಿನಿಂದ, ಪಠ್ಯಪುಸ್ತಕದಿಂದ, ಹುಬ್ಬಳ್ಳಿಯ ವೃತ್ತದ ಪ್ರತಿಮೆಯಿಂದ, 1961ರ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಮಾಡಿದ ಪಾತ್ರದಿಂದ ಬಂದವಳು. ಕ್ಯಾಲೆಂಡರ್ ಚಿತ್ರಗಳ ಆ ನಯವಾದ ತಿಳಿಬಣ್ಣಕ್ಕೆ ಅದರದೇ ಇತಿಹಾಸವಿದೆ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ದೇವಿಯರೂ ಪುರಾಣದ ರಾಣಿಯರೂ ಗುಲಾಬಿ ಮೈಬಣ್ಣದಲ್ಲಿ ಮನೆಮನೆಯ ಗೋಡೆ ಸೇರಿದರು, ಮುಂದಿನ ಚಿತ್ರಕಾರರು ಅದೇ ಬಣ್ಣವನ್ನು ಚರಿತ್ರೆಯ ರಾಣಿಯರಿಗೂ ಹಚ್ಚಿದರು. ಚಿತ್ರವಾಗಿ ಅವು ಸುಂದರವಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳನ್ನು ಚಹರೆಪಟ್ಟಿಯ ಮೊದಲ ಭಾಗಕ್ಕೆ ಏರಿಸಬಾರದು.

ಪಟ್ಟಿ ಖಾಲಿ ಇದ್ದಾಗ ಜನ ಇನ್ನೊಂದು ತಪ್ಪು ದಾರಿ ಹಿಡಿಯುತ್ತಾರೆ. ಜಾತಿ ನೋಡಿ ಬಣ್ಣ ಊಹಿಸುತ್ತಾರೆ. ಇಂಥ ಮನೆತನದವರು ಬೆಳ್ಳಗಿದ್ದಿರಬೇಕು, ಇಂಥ ಕಸುಬಿನವರು ಕರ್ರಗಿದ್ದಿರಬೇಕು ಎಂಬ ಮಾತನ್ನು ತಾಲೀಮಿನ ಕೋಣೆಯಲ್ಲಿ ಕೇಳಿದ ಕ್ಷಣವೇ ನಿಲ್ಲಿಸಬೇಕು. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಗೋಧಿ ಬಣ್ಣದವನು, ಒಬ್ಬ ಎಣ್ಣೆಗೆಂಪಿನವನು ಇರುವುದನ್ನು ನಾವೆಲ್ಲ ನೋಡಿದ್ದೇವೆ. ಜಾತಿಯಿಂದ ಬಣ್ಣ ಅಳೆಯುವುದು ಚರಿತ್ರೆಯ ಅಧ್ಯಯನವಲ್ಲ, ಹಳೆಯ ಅವಮಾನದ ಮುಂದುವರಿಕೆ. ಆಧಾರ ಇಲ್ಲದಿದ್ದರೆ ಮೈಬಣ್ಣವನ್ನು ಆಯ್ಕೆಯ ಅಳತೆಗೋಲಿನಿಂದಲೇ ತೆಗೆದುಹಾಕಬೇಕು. ಕುದುರೆ ಏರಿದ, ಬಿಸಿಲಲ್ಲಿ ತಿರುಗಿದ, ಕಾಡಿನಲ್ಲಿ ಅಡಗಿ ಹೋರಾಡಿದ ಬದುಕು ಅವರದಾಗಿತ್ತು ಎಂಬುದು ಮಾತ್ರ ನಮಗೆ ನಿಜವಾಗಿ ಗೊತ್ತು. ಆ ಬದುಕನ್ನು ಮೈಯಲ್ಲಿ ತರಬಲ್ಲವರು ಯಾರೋ ಅವರೇ ಪಾತ್ರಕ್ಕೆ ತಕ್ಕವರು.

ಆಯ್ಕೆ

ಪ್ರಕಟಣೆಯ ಮಾತಿನಿಂದಲೇ ಕೆಲಸ ಶುರುಮಾಡಿರಿ. ‘ಸುಂದರ’, ‘ಲಕ್ಷಣವಾದ’, ‘ರಾಜಕಳೆಯುಳ್ಳ’ ಎಂಬ ಪದಗಳು ಮೇಲ್ನೋಟಕ್ಕೆ ನಿರಪಾಯವಾಗಿ ಕಂಡರೂ, ಅವನ್ನು ಓದಿದ ಕಪ್ಪು ಮೈಬಣ್ಣದ ಹುಡುಗಿ ತನ್ನ ಹೆಸರು ಕೊಡುವುದೇ ಇಲ್ಲ. ಅವುಗಳ ಬದಲು ಬೇಕಾದ ಕೌಶಲವನ್ನು ಹೇಳಿರಿ: ದನಿ ಗಟ್ಟಿಯಾಗಿರಬೇಕು, ಧಾರವಾಡ-ಬೆಳಗಾವಿ ಸೀಮೆಯ ಮಾತು ಬರಬೇಕು, ಕತ್ತಿ ಹಿಡಿಯುವ ತರಬೇತಿಗೆ ದಿನವೂ ಬರಬೇಕು. ಫೋಟೋ ಕಳಿಸಲು ಕೇಳಬೇಡಿರಿ. ಮೊದಲ ಸುತ್ತಿನಲ್ಲಿ ಸಾಧ್ಯವಾದರೆ ಪರದೆಯ ಹಿಂದಿನಿಂದ ದನಿಯನ್ನಷ್ಟೇ ಕೇಳಿರಿ. ನಾವು ಹೀಗೆ ಮಾಡಿದ ವರ್ಷ, ಆರಿಸುವ ಮೂವರೂ ಒಮ್ಮತದಿಂದ ಗುರುತು ಹಾಕಿದ ದನಿ ಅದುವರೆಗೆ ಸೈನಿಕರ ಗುಂಪಿನಲ್ಲಿ ಕೊನೆಗೆ ನಿಲ್ಲುತ್ತಿದ್ದ ಹುಡುಗಿಯದಾಗಿತ್ತು.

ಜನಾಂಗವೇ ಗೊತ್ತಿರುವ ಪಾತ್ರದ ವಿಷಯ ಬೇರೆ. ರಾಯಣ್ಣನ ಸಂಗಡಿಗನಾಗಿ ಕಿತ್ತೂರಿನ ಕಥನದಲ್ಲಿ ಬರುವ ಗಜವೀರನನ್ನು ಜನ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವನೆಂದು ನೆನೆಯುತ್ತಾರೆ. ಆ ಪಾತ್ರಕ್ಕೆ ನಮ್ಮ ಹುಡುಗನೊಬ್ಬನ ಮೈಗೆ ಕಾಡಿಗೆ ಬಳಿದು, ಗುಂಗುರು ಕೂದಲಿನ ಟೋಪಿ ಹಾಕಿ ನಿಲ್ಲಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಸಿದ್ದಿ ಜನ ಎಲ್ಲೋ ದೂರದಲ್ಲಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲೂ ನಮ್ಮದೇ ಕಲಘಟಗಿಯ ಕಾಡಂಚಿನಲ್ಲೂ ತಲೆಮಾರುಗಳಿಂದ ಇದ್ದಾರೆ. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಕಲಾವಿದರೇ ರಂಗದ ಮೇಲೆ ನಿಂತು ನಾಟಕ ಆಡಿದ ಪರಂಪರೆಯೂ ಇದೆ. ಬಸ್ಸು ಹತ್ತಿ ಹೋಗಿ ಕೇಳುವುದಷ್ಟೇ ನಮ್ಮ ಪಾಲಿನ ಕೆಲಸ.

ಕೇಳುವುದಕ್ಕೂ ಒಂದು ರೀತಿ ಇದೆ. ನೇರವಾಗಿ ಮೈಬಣ್ಣದ ಮಾತು ತೆಗೆದು “ನಮಗ ನಿಮ್ಮಂಥವರು ಬೇಕಾಗ್ಯಾರ” ಎಂದರೆ ಮರ್ಯಾದೆ ಕಳೆದಂತೆ. ಹಿರಿಯರ ಬಳಿ ಕುಳಿತು ಪಾತ್ರ ಯಾವುದು, ಅವನು ಏನು ಮಾಡಿದ, ಕೊನೆಗೆ ಏನಾದ ಎಂಬ ಕಥೆ ಹೇಳಿ, ಅವರಲ್ಲಿ ಗಜವೀರನ ಬಗ್ಗೆ ಯಾವ ನೆನಪು ಉಳಿದಿದೆ ಎಂದು ಕೇಳಿ ಬರೆದುಕೊಳ್ಳಬೇಕು. ನಾವು ಬರೆದ ಸಂಭಾಷಣೆ ಅದರಿಂದ ಬದಲಾದರೆ ಬದಲಾಗಲಿ. ಮುಖ್ಯ ಪಾತ್ರಧಾರಿಗೆ ಕೊಡುವಷ್ಟೇ ಭತ್ಯೆ, ಬಸ್ಸಿನ ಖರ್ಚು, ಉಳಿಯುವ ವ್ಯವಸ್ಥೆ, ತಾಲೀಮಿಗೆ ಪೂರ್ತಿ ದಿನಗಳು, ಹೆಸರುಪಟ್ಟಿಯಲ್ಲಿ ಸರಿಯಾದ ಹೆಸರು, ಇವುಗಳನ್ನು ಮೊದಲೇ ಕಾಗದದಲ್ಲಿ ಬರೆದುಕೊಡಬೇಕು. ಶೂಟಿಂಗಿನ ಬಿಡುವಿನಲ್ಲಿ ಅವರಿಗೆ ಡಮಾಮಿ ಕುಣಿತ ಮಾಡಿ ತೋರಿಸಿರೆಂದು ಒತ್ತಾಯಿಸುವುದನ್ನು ಯಾರೂ ಮಾಡಬಾರದು. ಅವರು ಬಂದಿರುವುದು ನಟನೆಗೆ. ಹಾಗೆಯೇ ಗಜವೀರನ ಪಾತ್ರ ಮಾಡಿದ ಹುಡುಗ ಮುಂದಿನ ವರ್ಷ ರಾಯಣ್ಣನ ಆಯ್ಕೆಗೂ ಹೆಸರು ಕೊಟ್ಟರೆ ಸಂತೋಷದಿಂದ ಕೇಳಬೇಕು. ರಾಯಣ್ಣನ ಮುಖ ಹೇಗಿತ್ತೆಂದು ನಮಗೆ ಗೊತ್ತಿಲ್ಲವಲ್ಲ.

ಇಲ್ಲಿ ಒಂದು ಪ್ರಶ್ನೆ ಪ್ರತಿ ಸಲ ಬರುತ್ತದೆ. ಕಲೆಕ್ಟರ್ ಥ್ಯಾಕರೆಯ ಪಾತ್ರವನ್ನು ನಮ್ಮ ಹುಡುಗರೇ ಮುಖಕ್ಕೆ ಬಿಳಿ ಬಣ್ಣ ಹಚ್ಚಿಕೊಂಡು ಮಾಡುತ್ತಾರಲ್ಲ, ಅದು ತಪ್ಪಲ್ಲವೇ? ನನ್ನ ದೃಷ್ಟಿಯಲ್ಲಿ ಎರಡೂ ಒಂದೇ ಅಲ್ಲ. ಥ್ಯಾಕರೆಯ ಪಾತ್ರ ಧಾರವಾಡದ ಹುಡುಗನಿಗೆ ಹೋದದ್ದರಿಂದ ಯಾವ ಆಂಗ್ಲ ನಟನೂ ಅವಕಾಶ ಕಳೆದುಕೊಳ್ಳಲಿಲ್ಲ, ಆಂಗ್ಲರ ಮುಖ ಪರದೆಯಿಂದ ಮರೆಯಾಗಲೂ ಇಲ್ಲ. ಗಜವೀರನ ಪಾತ್ರ ಬೇರೆಯವರಿಗೆ ಹೋದರೆ ಸಿದ್ದಿ ಹುಡುಗನಿಗೆ ಸಿಗಬಹುದಾಗಿದ್ದ ಒಂದೇ ಒಂದು ಚಾರಿತ್ರಿಕ ಪಾತ್ರ ಕೈತಪ್ಪುತ್ತದೆ. ಹಾಗಿದ್ದರೂ ಥ್ಯಾಕರೆಗೆ ಸುಣ್ಣದಂಥ ಮುಖ ಬೇಕಾಗಿಲ್ಲ. ಟೋಪಿ, ಅಂಗಿ, ನಿಲುವು, ಮಾತಿನ ಧಾಟಿ ಇಷ್ಟರಿಂದಲೇ ಪ್ರೇಕ್ಷಕರಿಗೆ ತಿಳಿಯುತ್ತದೆ.

ಬಣ್ಣದ ಕೋಣೆಯಲ್ಲಿ

ಈ ಭಾಗವನ್ನು ನನ್ನ ಸ್ವಂತ ತಪ್ಪಿನಿಂದಲೇ ಆರಂಭಿಸಬೇಕು. ಬಹಳ ವರ್ಷಗಳ ಹಿಂದೆ ಒಂದು ಕಾಲೇಜಿನ ನಾಟಕದಲ್ಲಿ ಚೆನ್ನಮ್ಮನ ಪಾತ್ರಕ್ಕೆ ನವಲಗುಂದದ ಕಡೆಯ ಹುಡುಗಿಯೊಬ್ಬಳನ್ನು ಆರಿಸಿದ್ದೆವು. ಎರೆ ಹೊಲದ ಮಣ್ಣಿನಂಥ ಗಾಢ ಬಣ್ಣದವಳು, ನಲವತ್ತು ದಿನ ತಾಲೀಮು ಮಾಡಿ ದನಿಯನ್ನು ಸಭಾಂಗಣದ ಕೊನೆಯ ಸಾಲಿಗೆ ತಲುಪುವಂತೆ ಪಳಗಿಸಿದ್ದಳು. ಪ್ರದರ್ಶನದ ದಿನ ಮೇಕಪ್ ಮಾಸ್ತರರು ರೂಢಿಯಂತೆ ಮೊದಲು ಜಿಂಕ್ ಪುಡಿ, ಅದರ ಮೇಲೆ ಗುಲಾಬಿ ಪ್ಯಾನ್‌ಕೇಕ್ ಹಚ್ಚಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಏನೂ ಅನ್ನಲಿಲ್ಲ. ರಂಗದ ಮೇಲೆ ಅವಳು ಕತ್ತಿ ಎತ್ತಿದಾಗ ತೋಳಿನ ಬಣ್ಣ ಒಂದು, ಮುಖದ ಬಣ್ಣ ಒಂದು. ಬೆವರು ಇಳಿದ ಹಾಗೆ ಕಿವಿಯ ಹತ್ತಿರ ಬಣ್ಣ ಕದಡಿ ಗೆರೆಗೆರೆಯಾಯಿತು. ನಾಟಕ ಮುಗಿದ ಮೇಲೆ ಅವಳ ತಾಯಿ ನನ್ನ ಹತ್ತಿರ ಬಂದು, ಸಿಟ್ಟಿಲ್ಲದ ದನಿಯಲ್ಲಿ, “ಯಾಕ್ರೀ ಸರ, ನನ್ನ ಮಗಳ ಮಾರಿ ಇದ್ದಂಗ ಇದ್ದರ ಆಕಿ ರಾಣಿ ಆಗ್ತಿರಲಿಲ್ಲೇನ್ರೀ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗಿಯ ದನಿಯನ್ನು ನಾನೇ ಆರಿಸಿ, ಅವಳ ಮುಖವನ್ನು ನಾನೇ ಬಿಟ್ಟುಕೊಟ್ಟಿದ್ದೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಪ್ರದರ್ಶನಕ್ಕೆ ಅಥವಾ ಚಿತ್ರೀಕರಣಕ್ಕೆ ಒಂದು ವಾರ ಮೊದಲು ಮೇಕಪ್ ಮಾಸ್ತರರನ್ನೂ ಕಲಾವಿದರನ್ನೂ ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ ಕೂರಿಸುವುದು. ಬಣ್ಣವನ್ನು ಕೈಬೆರಳಿನ ಮೇಲೋ ಕೆನ್ನೆಯ ಮೇಲೋ ಪರೀಕ್ಷಿಸದೆ ದವಡೆಯ ಕೆಳಗೆ, ಮುಖ ಕತ್ತು ಕೂಡುವ ಜಾಗದಲ್ಲಿ ಹಚ್ಚಿ ನೋಡುವುದು. ಒಂದು ಮಾರು ದೂರದಿಂದ ಹಚ್ಚಿದ ಗೆರೆ ಕಾಣದೆ ಹೋದರೆ ಆ ಬಣ್ಣ ಸರಿ, ಕಂಡರೆ ಅದನ್ನು ಬಿಡುವುದು. ಗಾಢ ಮೈಬಣ್ಣಕ್ಕೆ ಒಂದೇ ಡಬ್ಬಿ ಹೊಂದುವುದು ಕಡಿಮೆ, ಎರಡು ಕಂದು ಛಾಯೆಗಳನ್ನು ಬೆರೆಸಬೇಕಾಗುತ್ತದೆ. ಜಿಂಕ್ ಬೆರೆತ ಪುಡಿ ಗಾಢ ಮುಖದ ಮೇಲೆ ಬೂದಿ ಬಳಿದಂತೆ ಕಾಣುವುದರಿಂದ ಅದನ್ನು ಪೂರ್ತಿ ಬಿಡುವುದು ಒಳ್ಳೆಯದು. ಎಷ್ಟೋ ಸಲ ಸ್ವಲ್ಪ ಎಣ್ಣೆ ಅಥವಾ ಕ್ರೀಮ್ ಸವರಿ, ಕಣ್ಣಿಗೆ ಕಾಡಿಗೆ ಹಚ್ಚಿದರೆ ಸಾಕಾಗುತ್ತದೆ. ಕೊನೆಗೆ ಕಿವಿ, ಕತ್ತು, ಮುಂಗೈ ಮೂರನ್ನೂ ಮುಖದ ಜೊತೆ ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ಮುಖದ ಬಣ್ಣವನ್ನೇ ಒರೆಸುವುದು. ಕೈಗೆ ಬಿಳುಪು ಹಚ್ಚುವುದಲ್ಲ.

ಬಯಲಾಟದಲ್ಲಿ ಬಣ್ಣಕ್ಕೆ ಬೇರೆಯೇ ವ್ಯಾಕರಣವಿದೆ. ಅಲ್ಲಿ ಮುಖದ ಬಣ್ಣ ಪಾತ್ರದ ಗುಣದ ಗುರುತು, ಮೈಬಣ್ಣದ ಅನುಕರಣೆಯಲ್ಲ. ದೊಡ್ಡಾಟದ ಕಲಾವಿದರಿಗೆ ಈ ನಿಯಮಗಳನ್ನು ಹೇರಲು ಹೋಗಬಾರದು. ಇದ್ದಂತೆ ತೋರಿಸುತ್ತೇನೆ ಎಂದು ಹೊರಟ ಚಿತ್ರಕ್ಕೆ ಮಾತ್ರ ಇವು ಅನ್ವಯಿಸುತ್ತವೆ.

ಗಾಢವಾಗಿಸುವ ಬಣ್ಣಕ್ಕೂ ಇದೇ ಮಾತು. 2016ರ ‘ನೀನಾ’ ಚಿತ್ರದಲ್ಲಿ ಅಮೆರಿಕದ ಗಾಯಕಿ ನೀನಾ ಸಿಮೋನ್ ಆಗಲು ತಿಳಿ ಮೈಬಣ್ಣದ ನಟಿ ಜೋಯಿ ಸಲ್ಡಾನಾ ಮುಖವನ್ನು ಕಪ್ಪಾಗಿಸಿಕೊಂಡು ಕೃತಕ ಮೂಗು ಅಂಟಿಸಿಕೊಂಡರು. ತನ್ನ ಗಾಢ ಕಪ್ಪು ಬಣ್ಣ ಮತ್ತು ಮುಖಲಕ್ಷಣಗಳ ಕಾರಣಕ್ಕೇ ನೋವು ಉಂಡು, ಅವನ್ನೇ ಹೆಮ್ಮೆಯಿಂದ ಹಾಡಿದ ಗಾಯಕಿಯ ಪಾತ್ರ ಅದು. ಸಲ್ಡಾನಾ 2020ರಲ್ಲಿ ಕ್ಷಮೆ ಕೇಳಿದರು. ಮುಖಕ್ಕೆ ಬಣ್ಣ ಹಚ್ಚಬೇಕಾಗಿ ಬಂದಿದೆ ಎಂದರೆ ಆಯ್ಕೆಯ ಹಂತದಲ್ಲೇ ತಪ್ಪಾಗಿದೆ ಎಂದು ತಿಳಿದು ಹಿಂದಕ್ಕೆ ಹೋಗಬೇಕು.

ಬೆಳಕು ಮತ್ತು ಕ್ಯಾಮೆರಾ

“ಕರ್ರಗಿದ್ದರ ಕ್ಯಾಮೆರಾದಾಗ ಮಾರಿ ಕಾಣಂಗಿಲ್ಲ” ಎಂಬ ಮಾತು ತಾಂತ್ರಿಕ ಸತ್ಯದಂತೆ ಕೇಳಿಸುತ್ತದೆ. ನಿಜ ಸಂಗತಿ ಬೇರೆ. ಕೊಡಾಕ್ ಕಂಪನಿ ಬಣ್ಣದ ಫಿಲ್ಮಿನ ಮುದ್ರಣವನ್ನು ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರಕ್ಕೆ ‘ಶರ್ಲಿ ಕಾರ್ಡ್’ ಎಂಬ ಹೆಸರಿತ್ತು. ದಶಕಗಳ ಕಾಲ ಅದರಲ್ಲಿದ್ದವರು ಬಿಳಿಯ ಮಹಿಳೆಯರು. ಅವರ ಮೈಬಣ್ಣ ಸರಿಯಾಗಿ ಮೂಡಿದರೆ ಮುದ್ರಣ ಸರಿ ಎಂದು ಲೆಕ್ಕ. ಗಾಢ ಮುಖಗಳ ವಿವರ ಹೋಗುತ್ತಿದ್ದುದಕ್ಕೆ ಆ ಮುಖಗಳು ಕಾರಣವಲ್ಲ, ಅಳತೆ ಬೇರೆಯವರ ಮುಖದ್ದಾಗಿತ್ತು. ಇಂದಿನ ವಿಡಿಯೋ ಕ್ಯಾಮೆರಾಗಳಲ್ಲಿ ಬೆಳಕು ಗೊತ್ತುಪಡಿಸಿದ ಮಟ್ಟ ಮುಟ್ಟಿದ ಕಡೆ ಪರದೆಯ ಮೇಲೆ ಮೂಡುವ ಝೀಬ್ರಾ ಗೆರೆಯನ್ನು ಮುಖಕ್ಕೆಂದು ಶೇಕಡಾ 70ರಲ್ಲಿ ಇಡುವ ಅಭ್ಯಾಸವೂ ತಿಳಿ ಮೈಬಣ್ಣವನ್ನು ಆಧರಿಸಿದ್ದೇ. ಗಾಢ ಮುಖವನ್ನು ಆ ಮಟ್ಟಕ್ಕೆ ಏರಿಸಲು ಹೋದರೆ ಅದು ಅವರ ಮುಖವಾಗಿ ಉಳಿಯುವುದಿಲ್ಲ.

ಮೊಬೈಲಿನಲ್ಲಿ ತೆಗೆಯುವವರು ಒಂದು ಸಂಗತಿಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಕ್ಯಾಮೆರಾದ ಬೆಳಕಿನ ಅಳತೆ ಎದುರಿಗಿರುವ ಏನನ್ನೇ ಆದರೂ ನಡುಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಬಿಳಿ ಧೋತರ, ಬಿಳಿ ರುಮಾಲಿನ ರಾಯಣ್ಣನ ಸಂಗಡಿಗರನ್ನು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದರೆ, ಕ್ಯಾಮೆರಾ ಆ ಬಿಳುಪನ್ನು ತಗ್ಗಿಸಲು ಹೋಗಿ ಮುಖಗಳನ್ನು ಕತ್ತಲೆಗೆ ತಳ್ಳುತ್ತದೆ. ಅದಕ್ಕೆಂದು ಮುಖದ ಮೇಲೆ ಬೆರಳಿಟ್ಟರೆ ಗಾಢ ಮುಖವನ್ನು ಇದ್ದದ್ದಕ್ಕಿಂತ ತಿಳಿಯಾಗಿಸಿ, ಧೋತರವನ್ನು ಸುಟ್ಟ ಬಿಳುಪು ಮಾಡುತ್ತದೆ. ಮುಖದ ಮೇಲೆ ಬೆರಳಿಟ್ಟು ಲಾಕ್ ಮಾಡಿ, ನಂತರ ಬೆಳಕಿನ ಗುಂಡಿಯನ್ನು ನಿಧಾನವಾಗಿ ಕೆಳಗಿಳಿಸಿ, ಕಲಾವಿದರನ್ನು ಬರಿಗಣ್ಣಿನಿಂದ ನೋಡಿ ಹೋಲಿಸಿ ನಿಲ್ಲಿಸುವುದು ಸರಿಯಾದ ಕ್ರಮ. ಬಟ್ಟೆಯ ವಿಷಯದಲ್ಲಿ ಅಚ್ಚ ಬಿಳಿಯ ಬದಲು ಒಮ್ಮೆ ಚಹಾ ನೀರಿನಲ್ಲಿ ಅದ್ದಿದ ಧೋತರ ಉಡಿಸಿದರೆ ಅರ್ಧ ತೊಂದರೆ ಅಲ್ಲಿಯೇ ತೀರುತ್ತದೆ. ಆ ಕಾಲದ ಕೈಮಗ್ಗದ ಬಟ್ಟೆ ಇಂದಿನಷ್ಟು ಹೊಳೆಯುವ ಬಿಳಿಯಾಗಿಯೂ ಇರಲಿಲ್ಲ.

ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಬಿಡಿರಿ. ಗಾಢ ಮುಖ ತನ್ನ ಆಕಾರವನ್ನು ತೋರಿಸುವುದು ಹೊಳಪಿನ ಮೂಲಕ. ಹಣೆಯ ಅಂಚು, ಕೆನ್ನೆಯ ಏರು, ಮೂಗಿನ ದಂಡೆಯ ಮೇಲೆ ಬೆಳಕು ಜಾರಬೇಕು. ಅದಕ್ಕೆ ದೊಡ್ಡ ಮೃದುವಾದ ಬೆಳಕು ಬೇಕು, ತೀಕ್ಷ್ಣವಾದ ಸಣ್ಣ ಲೈಟಲ್ಲ. ಒಂದು ಬಿಳಿ ಬೆಡ್‌ಶೀಟನ್ನು ಕಿಟಕಿಗೆ ಕಟ್ಟಿ, ಎದುರು ಬದಿಯಲ್ಲಿ ಥರ್ಮೋಕೋಲ್ ಹಾಳೆ ಹಿಡಿದರೆ ಖರ್ಚಿಲ್ಲದೆ ಆಗುತ್ತದೆ. ಹಿನ್ನೆಲೆಗೆ ಸುಣ್ಣದ ಗೋಡೆ ಬೇಡ. ಕಲ್ಲಿನ ಗೋಡೆ, ಮಣ್ಣಿನ ಗೋಡೆ, ಸಂಜೆಯ ಹೊಲ ಬಹಳ ಚೆನ್ನಾಗಿ ಹೊಂದುತ್ತವೆ. ತಿಳಿ ಮತ್ತು ಗಾಢ ಮುಖದ ಇಬ್ಬರು ಒಂದೇ ದೃಶ್ಯದಲ್ಲಿದ್ದರೆ ಗಾಢ ಮುಖದವರನ್ನು ಬೆಳಕಿಗೆ ಹತ್ತಿರ ನಿಲ್ಲಿಸಿರಿ. ಚಿತ್ರೀಕರಣಕ್ಕೆ ಮೊದಲು ಫೋನಿನ ಬ್ಯೂಟಿ ಮೋಡ್ ಬಂದ್ ಇದೆಯೇ ಎಂದು ಪ್ರತಿ ಸಲ ನೋಡಿರಿ. ಕೆಲವು ಫೋನುಗಳಲ್ಲಿ ಅದು ಹೇಳದೆ ಕೇಳದೆ ಚಾಲೂ ಇದ್ದು, ಯಾರೂ ಬಯಸದಿದ್ದರೂ ಮುಖವನ್ನು ನುಣುಪಾಗಿಸಿ ಬೆಳ್ಳಗಾಗಿಸುತ್ತದೆ.

ಸಂಕಲನದ ಮೇಜು ಮತ್ತು ಪೋಸ್ಟರ್

ಇಷ್ಟೆಲ್ಲ ಜಾಗ್ರತೆ ವಹಿಸಿದ ಮೇಲೂ ಕೊನೆಯ ಎರಡು ದಿನಗಳಲ್ಲಿ ಕೆಲಸ ಕೆಡುವುದುಂಟು. ಸಂಕಲನ ಮಾಡುವ ಹುಡುಗ ಒಳ್ಳೆಯ ಉದ್ದೇಶದಿಂದಲೇ “ಸ್ವಲ್ಪ ಬ್ರೈಟ್ ಮಾಡೇನ್ರೀ ಸರ” ಎಂದು ಹೇಳಿ ಇಡೀ ಚಿತ್ರಕ್ಕೆ ಒಂದು ಫಿಲ್ಟರ್ ಎಳೆದಿರುತ್ತಾನೆ. ಇದಕ್ಕೆ ಉಪಾಯವಾಗಿ, ಪ್ರತಿ ಕಲಾವಿದರ ಒಂದು ಫೋಟೋವನ್ನು ಮೇಕಪ್ ಇಲ್ಲದೆ, ಹಗಲು ಬೆಳಕಿನಲ್ಲಿ, ಬೂದು ಬಣ್ಣದ ರಟ್ಟು ಹಿಡಿಸಿ ಮೊದಲೇ ತೆಗೆದಿಟ್ಟಿರಿ. ಕಲರ್ ಗ್ರೇಡಿಂಗ್, ಅಂದರೆ ಚಿತ್ರದ ಬಣ್ಣ ಹೊಂದಿಸುವ ಕೆಲಸ, ಮಾಡುವಾಗ ಅದು ಪರದೆಯ ಒಂದು ಬದಿಯಲ್ಲಿ ತೆರೆದಿರಲಿ. ದೃಶ್ಯ ಬೆಳದಿಂಗಳಿನದಾದರೆ, ದೀಪದ ಬೆಳಕಿನದಾದರೆ ಮುಖದ ಛಾಯೆ ಬದಲಾಗುವುದು ಸಹಜ. ಹಗಲಿನ ದೃಶ್ಯದಲ್ಲಿ ಮಾತ್ರ ಆ ಫೋಟೋದಲ್ಲಿರುವ ವ್ಯಕ್ತಿಯೇ ಕಾಣಬೇಕು.

ಪೋಸ್ಟರನ್ನು ಹೆಚ್ಚಾಗಿ ಹೊರಗಿನ ಪ್ರಿಂಟಿಂಗ್ ಅಂಗಡಿಯಲ್ಲಿ ಮಾಡಿಸುತ್ತೇವೆ. ಅಲ್ಲಿ ಮುಖ ತಿದ್ದುವುದು ಅಂಗಡಿಯವರ ದಿನನಿತ್ಯದ ಕೆಲಸ, ಮದುವೆಯ ಫ್ಲೆಕ್ಸಿಗೂ ಚುನಾವಣೆಯ ಫ್ಲೆಕ್ಸಿಗೂ ಅದನ್ನೇ ಮಾಡಿ ಅವರ ಕೈ ಪಳಗಿರುತ್ತದೆ. “ಮುಖಕ್ಕ ಏನೂ ಮಾಡಬ್ಯಾಡ್ರಿ” ಎಂದು ಬಾಯಿಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ. ಆರ್ಡರ್ ಚೀಟಿಯ ಮೇಲೆ ಬರೆಯಿಸಿ, ಮುದ್ರಣಕ್ಕೆ ಮೊದಲು ಒಂದು ಪ್ರತಿಯನ್ನು ಕಣ್ಣಾರೆ ನೋಡಿ ಒಪ್ಪಿಗೆ ಕೊಡಬೇಕು.

ಚಿತ್ರದ ಆರಂಭದಲ್ಲಿ ತೋರಿಸುವ ಫಲಕದಲ್ಲಿ ಚಹರೆಪಟ್ಟಿಯ ಸಾರವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಚೆನ್ನಮ್ಮನ ಚಿತ್ರವಾದರೆ, ರಾಣಿಯ ಫೋಟೋ ಇರಲು ಸಾಧ್ಯವಿಲ್ಲವೆಂದೂ, ಪಾತ್ರಧಾರಿಯನ್ನು ದನಿ ಮತ್ತು ಅಭಿನಯ ನೋಡಿ ಆರಿಸಲಾಗಿದೆಯೆಂದೂ ತಿಳಿಸಿದರೆ ಸಾಕು. ಗಜವೀರನ ಪಾತ್ರವಿದ್ದರೆ ಅವನ ಕಥೆ ಹೇಳಿದ ಸಿದ್ದಿ ಹಿರಿಯರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಅದೇ ಫಲಕದಲ್ಲಿ ಹಾಕಿರಿ. ಮೊದಲ ಪ್ರದರ್ಶನವನ್ನು ಧಾರವಾಡದಲ್ಲಿ ಇಟ್ಟುಕೊಂಡರೆ ಎರಡನೆಯದನ್ನು ಅವರ ಊರಿನಲ್ಲಿ ಇಟ್ಟುಕೊಳ್ಳಿರಿ. ಪರದೆ, ಪ್ರೊಜೆಕ್ಟರ್, ಧ್ವನಿವರ್ಧಕ ಮೂರನ್ನೂ ನಾವೇ ಹೊತ್ತುಕೊಂಡು ಹೋಗಬೇಕು, ಕರೆಂಟ್ ಹೋದರೆ ಇರಲೆಂದು ಒಂದು ಜನರೇಟರನ್ನೂ ಜೊತೆಗಿಟ್ಟುಕೊಳ್ಳಬೇಕು.